ಮಗ್ಗದ ಸದ್ದು ಕೇಳುವ ಮನೆ

"ಗುರುಗಳೇ, ಎಲ್ಲ ದೇಶದವರಿಗೂ ಒಂದೇ ನಿಯಮ ಇಟ್ಟರೆ ಏನು ತಪ್ಪು?" ಎಂದು ವಾರಿಜಾ ಕೇಳಿದಳು.

ಬಂದರಿನ ಗೋದಾಮಿನಲ್ಲಿ ಸರಕು ಕಟ್ಟಿ ಕಳಿಸುವ ಕೆಲಸವನ್ನು ಅವಳಿಗೆ ಕಲಿಸಿದವನು ನಾನು. ಈಗ ಅವಳು ಹೊರದೇಶಗಳಿಗೆ ಸಾಮಾನು ಕಳಿಸುವ ಕಂಪನಿಯಲ್ಲಿದ್ದಾಳೆ. ಗಿರಾಕಿಗಳ ವಿಳಾಸ ಸರಿಯಿದೆಯೇ ಎಂದು ಸಾಫ್ಟ್‌ವೇರೇ ನೋಡಿ ಒಳಗೆ ಬಿಡುವಂತೆ ಮಾಡುವ ಕೆಲಸ ಅವಳ ಪಾಲಿಗೆ ಬಂದಿದೆ. ಮನೆ ನಂಬರ್, ಬೀದಿ, ಪಿನ್‌ಕೋಡ್. ಮೂರರಲ್ಲಿ ಒಂದು ಇಲ್ಲದಿದ್ದರೂ ಅದು ಆರ್ಡರ್ ತೆಗೆದುಕೊಳ್ಳುವುದಿಲ್ಲ. ಕೆಲವು ದೇಶಗಳಲ್ಲಿ ಪಿನ್‌ಕೋಡ್ ಎಂಬುದೇ ಇಲ್ಲವಂತೆ. ಕೆಲವು ಕಡೆ ಬೀದಿಗೆ ಹೆಸರಿಲ್ಲವಂತೆ. ದೇಶಕ್ಕೊಂದು ನಿಯಮ ಬರೆಯುತ್ತ ಎಂಟು ದಿನದಿಂದ ಅವಳಿಗೆ ಹೊತ್ತಿಗೆ ಊಟವಿಲ್ಲ.

"ಸಾಕಾಗಿದೆ ಗುರುಗಳೇ. ನಂಬರ್ ಇಲ್ಲದವರು ಏನಾದರೂ ಮಾಡಿ ಬರೆದುಕೊಳ್ಳಲಿ."

ನನಗೂ ಸಾಕಾಗಿತ್ತು. ಈ ವಯಸ್ಸಿಗೆ ಕತೆ ಹೇಳುವುದೂ ಮೂಟೆ ಹೊತ್ತ ಹಾಗೆಯೇ. ಆದರೂ ಕೇಳಿದವರನ್ನು ಬರಿಗೈಯಲ್ಲಿ ಕಳಿಸಿದವನಲ್ಲ ನಾನು. "ಕೂತುಕೋ," ಎಂದೆ.

ಒಬ್ಬ ವರ್ತಕನಿದ್ದ. ಕಣ್ಣಿಗೆ ಹಾಕುವ ಔಷಧಿ ಮಾರುತ್ತಿದ್ದ. ಅಂಥ ಔಷಧಿ ಆಮೇಲೆ ಹುಟ್ಟಲಿಲ್ಲ. ಅದನ್ನು ಹಾಕಿಕೊಂಡ ಒಬ್ಬ ಮುದುಕಿ ಸಮುದ್ರದ ಈ ದಡದಲ್ಲಿ ಕೂತು, ಆಚೆ ದಡದಲ್ಲಿ ಸೊಸೆ ಸಾರಿಗೆ ಹಾಕುವ ಉಪ್ಪನ್ನು ನೋಡಿ ಬೈಯುತ್ತಿದ್ದಳು. ಬೈಗುಳವನ್ನು ನಾನೇ ಕೇಳಿದ್ದೇನೆ. ಅವನ ಪೆಟ್ಟಿಗೆಗಳನ್ನು ಹಡಗಿಗೆ ಏರಿಸುತ್ತಿದ್ದವನೂ ನಾನೇ, ಒಂದೊಂದು ಕೈಯಲ್ಲಿ ಹದಿನಾರು.

ವಿಳಾಸ ನೋಡಲು ವರ್ತಕ ಒಬ್ಬ ಗುಮಾಸ್ತನನ್ನು ಇಟ್ಟಿದ್ದ. ಗುಮಾಸ್ತ ಹುಟ್ಟಿದ ಪೇಟೆ ಬಿಟ್ಟು ಹೋದವನಲ್ಲ. ಆ ಪೇಟೆಯಲ್ಲಿ ಹಸುವಿನ ಕೊಟ್ಟಿಗೆಗೂ ನಂಬರ್ ಇತ್ತು. ಮನೆಯ ನಂಬರ್, ಬೀದಿಯ ಹೆಸರು, ಪೇಟೆಯ ನಂಬರ್ ಮೂರೂ ಇದ್ದ ಕಾಗದಕ್ಕೆ ಅವನು ಮುದ್ರೆ ಒತ್ತುತ್ತಿದ್ದ. ಇಲ್ಲದ್ದನ್ನು ವಾಪಸ್ ಕಳಿಸುತ್ತಿದ್ದ.

ದೂರದ ದ್ವೀಪದಿಂದ ಒಬ್ಬ ನೇಕಾರ ಔಷಧಿ ಕೇಳಿ ಬರೆದ. 'ಎಳೆ ಎರಡೆರಡಾಗಿ ಕಾಣುತ್ತಿದೆ. ಪೂರ್ತಿ ಕತ್ತಲಾಗುವ ಮೊದಲು ಕಳಿಸಿ.' ವಿಳಾಸ ಹೀಗಿತ್ತು: ಬಂದರಿನಿಂದ ಮೇಲೆ ಹತ್ತಿ, ಎರಡು ಬಾವಿ ದಾಟಿದ ಮೇಲೆ, ಮಗ್ಗದ ಸದ್ದು ಕೇಳುವ ಮನೆ.

ಗುಮಾಸ್ತ ಅದಕ್ಕೊಂದು ಚೀಟಿ ಅಂಟಿಸಿ ವಾಪಸ್ ಕಳಿಸಿದ. 'ವಿಳಾಸ ತಪ್ಪಾಗಿದೆ. ಸರಿಯಾಗಿ ಬರೆಯಿರಿ.' ಹೋಗಲು ಒಂದು ತಿಂಗಳು, ಬರಲು ಒಂದು ತಿಂಗಳು. ನೇಕಾರ ಮತ್ತೆ ಅದನ್ನೇ ಬರೆದ. ಮತ್ತೆ ಚೀಟಿ ಹೋಯಿತು. ಮೂರನೆಯ ಸಲ ಅಕ್ಷರಗಳು ಸಾಲು ಬಿಟ್ಟು ಇಳಿದಿದ್ದವು. ಆಗಲೂ ಚೀಟಿ ಹೋಯಿತು.

ನಾಲ್ಕನೆಯ ಕಾಗದ ಬೇರೆ ಯಾರದೋ ಕೈಬರಹದಲ್ಲಿತ್ತು. ಅದರಲ್ಲಿ ಮನೆಯ ನಂಬರ್ ಇತ್ತು, ಬೀದಿಯ ಹೆಸರಿತ್ತು, ಪೇಟೆಯ ನಂಬರೂ ಇತ್ತು. 'ಅಂತೂ ಕಲಿತನಲ್ಲ,' ಎಂದು ಗುಮಾಸ್ತ ಮುದ್ರೆ ಒತ್ತಿದ. ಮೂರೂ ಇವೆಯೇ ಎಂದು ನೋಡುವುದಷ್ಟೇ ಅವನ ಕೆಲಸ. ಯಾವ ಊರಿನವು ಎಂದು ನೋಡುವುದಲ್ಲ.

ಪೆಟ್ಟಿಗೆ ಹೊತ್ತವನು ನಾನು. ನನಗೆ ಓದು ಬಾರದು. ಬಂದರಿನವರು ವಿಳಾಸ ಓದಿ, 'ಇದು ಹಡಗಿಗಲ್ಲ ಮಾರಾಯ, ಬಂದ ದಾರಿಯಲ್ಲೇ ಹೋಗು,' ಎಂದರು. ವರ್ತಕನ ಅಂಗಡಿಯ ಹಿಂಬಾಗಿಲಿನಿಂದ ಎತ್ತಿದ್ದನ್ನು ಮುಂಬಾಗಿಲಲ್ಲಿ ಇಳಿಸಿದೆ. ಗುಮಾಸ್ತನ ಚೀಟಿಯ ತಲೆಯ ಮೇಲೆ ಅಂಗಡಿಯ ವಿಳಾಸವಿರುತ್ತಿತ್ತು. ಸರಿಯಾದ ವಿಳಾಸವೆಂದರೆ ಇದೇ ಇರಬೇಕೆಂದು ನೇಕಾರ ಅದನ್ನೇ ಬರೆಸಿದ್ದ.

ವರ್ತಕ ಗುಮಾಸ್ತನನ್ನು ಕರೆದ. 'ಮೊದಲು ಏನು ಬರೆದಿದ್ದ ಇವನು?'

'ಏನೇನೋ ಬರೆದಿದ್ದ ಧಣಿ. ಎರಡು ಬಾವಿಯಂತೆ, ಮಗ್ಗದ ಸದ್ದಂತೆ. ಸದ್ದಿನ ಕೈಗೆ ಪೆಟ್ಟಿಗೆ ಕೊಡಲಾಗುತ್ತದೆಯೇ? ಈ ಸಲ ನೋಡಿ, ವಿಳಾಸ ಸರಿಯಿತ್ತು. ಸರಿಯಾಗಿ ಬಂದು ಸೇರಿದೆ.'

ವರ್ತಕ ಮರುದಿನವೇ ಹಡಗು ಹತ್ತಿದ. ಪೆಟ್ಟಿಗೆ ಹೊತ್ತು ನಾನೂ ಹೋದೆ. ದ್ವೀಪದಲ್ಲಿ ಇಳಿದು ಮೇಲೆ ಹತ್ತಿದೆವು. ಎರಡು ಬಾವಿ ದಾಟಿದೆವು. ಸದ್ದಿಲ್ಲ. ಕಿವಿಗೊಟ್ಟು ನಡೆಯುತ್ತ ನಡೆಯುತ್ತ ಊರೇ ಮುಗಿಯಿತು. ಸೌದೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನಿಂತಳು. 'ಮಗ್ಗದ ಮನೆಯೇ? ಅದು ಹಿಂದೆಯೇ ಉಳಿಯಿತಲ್ಲ. ಸದ್ದು ನಿಂತು ಎರಡು ತಿಂಗಳಾಯಿತು.'

ನೇಕಾರ ಹೊಸ್ತಿಲ ಮೇಲೆ ಕೂತಿದ್ದ. ವರ್ತಕ ತನ್ನ ಕೈಯಿಂದಲೇ ಅವನ ಕಣ್ಣಿಗೆ ಔಷಧಿ ಹಾಕಿದ. ಏಳು ದಿನ ಬಿಡದೆ ಹಾಕಿದ. ಎಂಟನೆಯ ದಿನ ಬೆಳಿಗ್ಗೆ ಮಾತಾಡದೆ ಬಂದು ಅವನ ಎದುರಿಗೇ ನಿಂತ. ಉಸಿರು ಬಿಗಿಹಿಡಿದು ಕಾದ.

ನೇಕಾರ ಹೆಂಡತಿಯನ್ನು ಕೂಗಿ ಕೇಳಿದ, 'ಔಷಧಿಯವರು ಇವತ್ತು ಇನ್ನೂ ಬರಲಿಲ್ಲವೇ?'

ನಾನು ಕತೆ ನಿಲ್ಲಿಸಿದೆ. ವಾರಿಜಾ ಕೈಯಲ್ಲಿದ್ದ ಫೋನನ್ನು ಮಗುಚಿ ಇಟ್ಟಳು.

"ಗುಮಾಸ್ತನದು ತಪ್ಪೇ," ಎಂದಳು. "ಆದರೂ ಗುರುಗಳೇ, ಆ ನೇಕಾರನೂ ಸುಳ್ಳು ವಿಳಾಸ ಬರೆಸಬಾರದಿತ್ತು."

"ಮೂರು ಸಲ ನಿಜವನ್ನೇ ಬರೆದಿದ್ದನಲ್ಲಮ್ಮ," ಎಂದೆ.