ಜಲಾಂತರ್ಗಾಮಿಯ ಮೌನ

ಯುದ್ಧಕಾಲದಲ್ಲಿ ಮುಳುಗಿದ ಜಲಾಂತರ್ಗಾಮಿಯೊಂದು ಕಡಲ ತಳದಲ್ಲಿ ಮಲಗಿತ್ತು. ಅದರ ಪ್ರೊಪೆಲ್ಲರ್ ಮೇಲೆ ಏಡಿಯೊಂದು ಸಂಸಾರ ಹೂಡಿತ್ತು. ಒಂದು ಬೆಳಿಗ್ಗೆ ಮೇಲಿನಿಂದ ‘ಟಿಣ್’ ಎಂದು ಸದ್ದು ಬಂತು.

“ಶ್! ಶತ್ರು ನಮ್ಮನ್ನು ಹುಡುಕುತ್ತಿದ್ದಾನೆ. ಕಾಲೂ ಆಡಿಸಬೇಡ,” ಎಂದಿತು ಜಲಾಂತರ್ಗಾಮಿ.

“ಯುದ್ಧ ನನ್ನ ಮುತ್ತಜ್ಜನ ಕಾಲಕ್ಕೇ ಮುಗಿಯಿತಲ್ಲ, ಅಜ್ಜ!” ಎಂದಿತು ಏಡಿ.

“ಸದ್ದು ಮಾಡಬೇಡ ಎಂದವರು ನಮ್ಮ ಕ್ಯಾಪ್ಟನ್. ಇನ್ನು ಮಾತಾಡಬಹುದು ಎಂದು ಅವರು ಹೇಳಿಲ್ಲ.”

ಅಷ್ಟರಲ್ಲಿ ದೀಪ ಹೊತ್ತ ಕ್ಯಾಮೆರಾ ಒಂದು ಕೆಳಗಿಳಿದು ಬಂತು. “ಹಿರಿಯರೇ, ತಾವು ಯಾರೆಂದು ತಿಳಿಯಬೇಕಿತ್ತು.”

ಜಲಾಂತರ್ಗಾಮಿ ತುಟಿ ಬಿಚ್ಚಲಿಲ್ಲ.

“ಮೇಲೆ ದೋಣಿಯಲ್ಲಿ ಎಡ್ನಾ ಎಂಬ ಮುದುಕಿ ಕೂತಿದ್ದಾರೆ. ಯುದ್ಧಕ್ಕೆ ಹೋದ ಅಪ್ಪನ ಮುಖವನ್ನೇ ಕಂಡವರಲ್ಲ. ಆ ಅಪ್ಪ ನಿಮ್ಮೊಳಗೆ ಇರಬಹುದೇ ಎಂದು ಕೇಳುತ್ತಿದ್ದಾರೆ.”

“ಎಡ್ನಾ?” ಜಲಾಂತರ್ಗಾಮಿ ತಟ್ಟನೆ ಬಾಯಿಬಿಟ್ಟಿತು. “ಹಾಗಾದರೆ ಮಗಳೇ ಹುಟ್ಟಿದಳೇ? ಹೆಣ್ಣಾದರೆ ಆ ಹೆಸರೇ ಎಂದು ನಮ್ಮ ಅಡುಗೆಯವನು ಸೂಪು ಕಲಕುತ್ತಾ ಎಲ್ಲರಿಗೂ ಹೇಳುತ್ತಿದ್ದ. ಏಡಿ, ಸ್ವಲ್ಪ ಆಚೆ ಸರಿಯಪ್ಪ. ನಿನ್ನ ಹೊಟ್ಟೆಯ ಕೆಳಗೆ ನನ್ನ ಗುರುತಿನ ನಂಬರಿದೆ.”

ಏಡಿ ಸರಿಯುತ್ತಾ ಕೇಳಿತು, “ಮತ್ತೆ ಕ್ಯಾಪ್ಟನ್ ಮಾತು?”

“ಶತ್ರು ಕರೆದರೆ ಓಗೊಡಬೇಡ ಎಂದಿದ್ದರು ಕಣೋ. ಮಗಳು ಕರೆದರೂ ಓಗೊಡಬೇಡ ಎಂದಿರಲಿಲ್ಲ.”