ಹೆಗಲ ಮೇಲಿನ ಕೈ

ಕಪಿಲಾ ನದಿಯ ದಂಡೆಯಲ್ಲಿ ನಿರಂಜನಯ್ಯ ಎಂಬ ಗುರುಗಳದೊಂದು ಚಿಕ್ಕ ಆಶ್ರಮ. ಎರಡು ಹೆಂಚಿನ ಕೋಣೆ, ಒಂದು ಅಡುಗೆಮನೆ, ಅಂಗಳದಲ್ಲೊಂದು ಹೊಂಗೆ ಮರ. ಜೊತೆಗೆ ಒಂದು ಕಂಪ್ಯೂಟರು. ಯಾರೋ ಭಕ್ತರು ತಮಗೆ ಹೊಸದು ಬಂದಾಗ ಹಳೆಯದನ್ನು ಇಲ್ಲಿಗೆ ತಂದಿಟ್ಟು ಪುಣ್ಯ ಕಟ್ಟಿಕೊಂಡಿದ್ದರು.

ಆ ಕಂಪ್ಯೂಟರಿನ ಮುಂದೆ ಶಿಷ್ಯ ಕೇದಾರ ಬೆಳಗಿನಿಂದ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

ಕೇದಾರನಿಗೆ ನಲವತ್ತು ದಾಟಿತ್ತು. ಧ್ಯಾನಕ್ಕೆ ಕೂತರೆ ಅಲುಗಾಡುತ್ತಿರಲಿಲ್ಲ. ಸಾರು ಮಾಡಿದರೆ ಊರವರು ಕೇಳಿ ಬಡಿಸಿಕೊಳ್ಳುತ್ತಿದ್ದರು. ಫೋಟೋ ತಿದ್ದುವ ಸಾಫ್ಟ್‌ವೇರ್ ಮಾತ್ರ ಅವನಿಗೆ ಹೊಚ್ಚ ಹೊಸದು. ಅದರ ಮುಂದೆ ಕೂತಾಗ ಧ್ಯಾನವೂ ಇಲ್ಲ, ಸಾರೂ ಇಲ್ಲ, ಬರೀ ಬೆವರು.

ತೆರೆಯ ಮೇಲಿದ್ದದ್ದು ಅವನ ಅಪ್ಪನ ಫೋಟೋ. ಅಪ್ಪ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ವರ್ಷದ ಕಾರ್ಯಕ್ಕೆ ಹಾರ ಹಾಕಲು ಒಂದು ಪಟ ಬೇಕು, ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ಕಳಿಸು ಎಂದು ಅಮ್ಮ ಫೋನಿನಲ್ಲಿ ಹೇಳಿದ್ದಳು. ಯಾವ ಪಟ ಎಂಬುದನ್ನೂ ಹೇಳಿದ್ದಳು. ಅಪ್ಪ ಬಾಯಿ ತುಂಬ ನಕ್ಕಿದ್ದು ಅದೊಂದರಲ್ಲೇ.

ಆ ಪಟದಲ್ಲಿ ಅಪ್ಪನ ಪಕ್ಕಕ್ಕೆ ಅಣ್ಣ ವಿರೂಪಾಕ್ಷ ನಿಂತಿದ್ದ. ತೊಂದರೆ ಅದೇ.

ಅಪ್ಪ ಹೋದ ದಿನ ಕೇದಾರ ದೂರದ ಯಾತ್ರೆಯಲ್ಲಿದ್ದ. ನಾನು ಬರುವ ತನಕ ಕಾಯಿ ಎಂದು ಅಣ್ಣನಿಗೆ ಫೋನಿನಲ್ಲಿ ಅತ್ತು ಕೇಳಿಕೊಂಡಿದ್ದ. ಅಣ್ಣ ಕಾಯಲಿಲ್ಲ. ಕೇದಾರ ಊರು ಮುಟ್ಟುವಷ್ಟರಲ್ಲಿ ಚಿತೆಯೂ ಆರಿತ್ತು. ಅವತ್ತಿನಿಂದ ಅಣ್ಣ ತಮ್ಮಂದಿರಲ್ಲಿ ಮಾತಿಲ್ಲ.

ಇಬ್ಬರೂ ಬಂದು ಒಟ್ಟಿಗೆ ಕೂತು ಕಾರ್ಯ ಮಾಡಿ ಎಂದು ಅಮ್ಮ ಗೋಗರೆದಿದ್ದಳು. "ಪಟ ಕಳಿಸ್ತೀನಮ್ಮ, ನಾನು ಬರಲ್ಲ" ಎಂದಿದ್ದ ಕೇದಾರ. ಕೊನೆಯ ಸಲ ಮುಖ ನೋಡುವುದಕ್ಕೂ ಸಿಗದ ಅಪ್ಪ ಈ ಪಟದಲ್ಲಾದರೂ ತನ್ನವನಾಗಿರಲಿ, ಪಕ್ಕದಲ್ಲಿ ಅವನು ಇರುವುದು ಬೇಡ ಎಂಬ ಹಟ ಅವನದು. ಅದನ್ನು ಅಮ್ಮನಿಗೆ ಹೇಳಿರಲಿಲ್ಲ.

ಅಣ್ಣನನ್ನು ಪಟದಿಂದ ಕತ್ತರಿಸುವುದೇನೋ ಸಲೀಸಾಗಿ ಆಯಿತು. ಆದರೆ ಅಣ್ಣ ಅಪ್ಪನ ಬೆನ್ನ ಹಿಂದಿನಿಂದ ಕೈ ಬಳಸಿ ಆಚೆಕಡೆಯ ಹೆಗಲು ಹಿಡಿದುಕೊಂಡಿದ್ದ. ಅಣ್ಣ ಹೋದ, ಹೆಗಲ ಮೇಲೆ ಕೈ ಉಳಿಯಿತು. ಅದನ್ನು ಅಳಿಸಲು ಹೊರಟಾಗ ಸಾಫ್ಟ್‌ವೇರ್ ಕೈಕೊಟ್ಟಿತು.

ಕೇದಾರ ಎದ್ದು ಹೊರಗೆ ಬಂದ. ಗುರುಗಳು ಜಗಲಿಯ ಮೇಲೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದರು.

"ಗುರುಗಳೇ, ಬ್ರಷ್ ಆಡುತ್ತೆ, ಬಣ್ಣ ಹತ್ತಲ್ಲ. ಅಪ್ಪನ ಹಣೆ ಮೇಲೊಂದು ಕಲೆ ಇದೆ, ಅದೂ ಹೋಗ್ತಿಲ್ಲ. ನಿನ್ನೆ ಎಲ್ಲಾ ಸರಿಯಾಗಿತ್ತು. ನನಗಂತೂ ತಲೆಬುಡ ಅರ್ಥ ಆಗ್ತಿಲ್ಲ."

ಗುರುಗಳು ತಲೆ ಎತ್ತಲಿಲ್ಲ. "ಯಾರನ್ನಾದ್ರೂ ಕೇಳಿದ್ಯಾ?"

"ಫೋನಲ್ಲಿ ಒಂದು ಗುಂಪಿದೆ. ಇಂಥ ತೊಂದರೆ ಇರೋರು ಅಲ್ಲಿ ಕೇಳ್ತಾರೆ, ಗೊತ್ತಿರೋರು ಹೇಳಿಕೊಡ್ತಾರೆ."

"ಏನು ಹೇಳಿದ್ರು?"

"ಒಬ್ರು ಆಫ್ ಮಾಡಿ ಆನ್ ಮಾಡಿ ಅಂದ್ರು. ಮಾಡ್ದೆ, ಹಾಗೇ ಇದೆ. ಇನ್ನೊಬ್ರು ಪೂರ್ತಿ ತೆಗೆದು ಮತ್ತೆ ಹಾಕಿ ಅಂದ್ರು. ಅದನ್ನೂ ಮಾಡ್ದೆ. ಮತ್ತೊಬ್ರು ಹೊಸ ಕಂಪ್ಯೂಟರ್ ತಗೊಳ್ಳಿ ಅಂದ್ರು. ಒಬ್ರು ಶುಭೋದಯ ಅಂದ್ರು."

"ನೀನು ಏನಂತ ಕೇಳಿದ್ದೆ?"

"'ಏನೂ ಆಗ್ತಿಲ್ಲ, ದಯವಿಟ್ಟು ಸಹಾಯ ಮಾಡಿ' ಅಂತ."

"ಹಾಗಾದ್ರೆ ಎಲ್ಲರೂ ಸರಿಯಾಗೇ ಹೇಳಿದ್ದಾರೆ" ಎಂದರು ಗುರುಗಳು. "ಶುಭೋದಯ ಅಂದೋರೂ."

ಕೇದಾರನಿಗೆ ಪಿತ್ತ ನೆತ್ತಿಗೇರಿತು. ಗುರುಗಳ ಮುಂದೆ ಅದನ್ನು ತೋರಿಸುವಂತಿಲ್ಲ. ಒಳಗೆ ಹೋಗಿ ಮತ್ತೆ ಮೌಸ್ ಹಿಡಿದ. ಸಿಕ್ಕಸಿಕ್ಕ ಗುಂಡಿ ಒತ್ತಿದ. ಒಮ್ಮೆ ಅಪ್ಪ ನೀಲಿಯಾದ. ಒಮ್ಮೆ ಅಪ್ಪ ತಲೆಕೆಳಗಾದ. ಇನ್ನೊಮ್ಮೆ ತೆರೆಯ ಎಡಗಡೆ ಬ್ರಷ್ ಗಿಷ್ ಇದ್ದ ಪಟ್ಟಿಯೇ ಕಾಣೆಯಾಯಿತು, ಅದನ್ನು ಹುಡುಕಿ ತರುವಷ್ಟರಲ್ಲಿ ಸಾಕುಬೇಕಾಯಿತು. ಹಣೆಯ ಮೇಲಿನ ಕಲೆ ಮಾತ್ರ ಅಲ್ಲಿಯೇ ಇತ್ತು.

ಮತ್ತೆ ಹೊರಗೆ ಬಂದ.

"ಗುರುಗಳೇ, ಎಲ್ಲೂ ಆಗ್ತಿಲ್ಲ."

"ಎಲ್ಲೂ ಅಂದ್ರೆ ಎಲ್ಲಿ?"

"ಎಲ್ಲೂ ಅಂದ್ರೆ... ಎಲ್ಲೂ. ಹಣೆ ಮೇಲೆ ಆಗ್ತಿಲ್ಲ. ಅಂಗಿ ಮೇಲೆ ಆಗ್ತಿಲ್ಲ."

"ಉಳಿದ ಕಡೆ?"

"ಅಲ್ಲೂ ಹಾಗೇ ಇರುತ್ತೆ ತಾನೆ?"

ಗುರುಗಳು ಸೊಪ್ಪಿನ ಮೊರ ಕೆಳಗಿಟ್ಟರು. "ಎಲ್ಲಾ ಕಡೆ ಗುಡಿಸು, ಹೋಗು" ಎಂದರು.

ಇದೆಂಥ ಉತ್ತರ? ಆದರೂ ಶಿಷ್ಯ ಶಿಷ್ಯನೇ. ಪೊರಕೆ ತಂದ. ಅಂಗಳ ಗುಡಿಸಿದ, ಹೊಂಗೆಯ ಕೆಳಗೆ ಗುಡಿಸಿದ, ನದಿಯ ಮೆಟ್ಟಿಲನ್ನೂ ಬಿಡಲಿಲ್ಲ. ಗುಡಿಸುತ್ತಾ ಇದರ ಒಳಾರ್ಥವೇನಿರಬಹುದೆಂದು ಯೋಚಿಸಿದ. ಮನಸ್ಸಿನ ಕಸವೇ? ಅಹಂಕಾರದ ಧೂಳೇ? ಏನೂ ಹೊಳೆಯಲಿಲ್ಲ. ಸೊಂಟ ಮಾತ್ರ ಹಿಡಿದುಕೊಂಡಿತು.

"ಗುಡಿಸಿದೆ ಗುರುಗಳೇ" ಎಂದ, ಬೆವರು ಒರೆಸಿಕೊಳ್ಳುತ್ತಾ.

"ಅಂಗಳ ಯಾರು ಗುಡಿಸು ಅಂದ್ರು? ನಾನು ಹೇಳಿದ್ದು ಪಟ. ಆ ನಿನ್ನ ಬ್ರಷ್ ತಗೊಂಡು ಈ ಮೂಲೆಯಿಂದ ಆ ಮೂಲೆವರೆಗೂ ಗುಡಿಸು. ಒಂದು ಎಳ್ಳಷ್ಟು ಜಾಗ ಬಿಡಬೇಡ."

ಕೇದಾರ ಒಳಗೆ ಹೋದ. ಎದ್ದು ಕಾಣಲಿ ಎಂದು ಬ್ರಷ್‌ಗೆ ಕೆಂಪು ಬಣ್ಣ ಹಾಕಿಕೊಂಡ. ಮೇಲಿನ ಮೂಲೆಯಿಂದ ಶುರು ಮಾಡಿದ. ಗೋಡೆ, ಬಾಗಿಲ ತೋರಣ, ಅಪ್ಪನ ನರೆಗೂದಲು, ನಗುವ ಬಾಯಿ. ಎಲ್ಲೂ ಕೆಂಪು ಹತ್ತಲಿಲ್ಲ. ಇದೇನು ಹುಚ್ಚು ಕೆಲಸ ಎಂದು ಬೇಸರವಾಯಿತು. ನಿಲ್ಲಿಸಿಬಿಡಬೇಕು ಅನ್ನುವಷ್ಟರಲ್ಲಿ ಒಂದು ಕಡೆ ಚೂರು ಕೆಂಪು ಕಂಡಿತು.

ಮತ್ತೆ ಅಲ್ಲೇ ಎಳೆದ. ಮತ್ತೆ ಕೆಂಪು.

ಅಣ್ಣನ ಕಿರುಬೆರಳು.

ಇಡೀ ಪಟದಲ್ಲಿ ಬ್ರಷ್ ಕೆಲಸ ಮಾಡುತ್ತಿದ್ದದ್ದು ಆ ಬೆರಳಿನ ಮೇಲೆ ಮಾತ್ರ. ಕೇದಾರ ಕಣ್ಣುಜ್ಜಿಕೊಂಡು ನೋಡಿದ. ಸಾಫ್ಟ್‌ವೇರ್‌ಗೂ ಅಣ್ಣನೇ ಬೇಕೇ ಅನಿಸಿ ಒಂದು ಗಳಿಗೆ ಅಳುವೇ ಬಂತು. ಓಡಿಬಂದು ಗುರುಗಳಿಗೆ ಹೇಳಿದ.

"ಅಪ್ಪನ್ನ ಮುಟ್ಟಕ್ಕೆ ಬಿಡ್ತಿಲ್ಲ ಗುರುಗಳೇ, ಅಣ್ಣನ ಕಿರುಬೆರಳೊಂದಕ್ಕೆ ಮಾತ್ರ ಬಣ್ಣ ಹತ್ತುತ್ತೆ. ಮೊದಲಾದ್ರೂ ಏನೂ ಆಗ್ತಿರಲಿಲ್ಲ. ಈಗ ಇನ್ನೂ ಗೊಂದಲ."

"ಆ ಬೆರಳ ಹತ್ರ ನಿನ್ನೆ ಏನು ಮಾಡಿದ್ದೆ?"

ಕೇದಾರ ನೆನಪು ಮಾಡಿಕೊಂಡ. "ಅಣ್ಣನ್ನ ತೆಗೆದ ಮೇಲೆ ಅಪ್ಪನ ಹೆಗಲ ಮೇಲೆ ಉಳಿದ ಕೈ ಅಳಿಸಬೇಕು ಅಂತ ಪಟ ದೊಡ್ಡದು ಮಾಡಿ ಆ ಬೆರಳಿನ ಸುತ್ತ ಒಂದು ಗೆರೆ ಎಳೆದೆ. ಮುಂದೆ ಏನು ಮಾಡಬೇಕೋ ಗೊತ್ತಾಗ್ಲಿಲ್ಲ. ಬಿಟ್ಟು ಬಂದೆ."

"ಬಿಟ್ಟು ಬಂದ್ಯಾ?"

"ಹೂಂ, ಬಿಟ್ಟೇ ಬಂದೆ. ಇವತ್ತು ಬೆಳಿಗ್ಗೆ ಅಪ್ಪನ ಹಣೆ ಹತ್ರ ಹೋದೆ."

ಗುರುಗಳು ಅವನ ಮುಖವನ್ನೇ ನೋಡಿದರು. "ಈಗ ಹೇಳಿದ್ಯಲ್ಲ, ಇಷ್ಟನ್ನೇ ನಿನ್ನ ಗುಂಪಿನೋರಿಗೆ ಹೇಳು. ಸಹಾಯ ಮಾಡಿ ಅಂತ ಅಳಬೇಡ."

ಕೇದಾರ ಬರೆದ: ಪಟದಲ್ಲಿ ಬೇರೆಲ್ಲೂ ಬಣ್ಣ ಹತ್ತುತ್ತಿಲ್ಲ, ಒಂದು ಬೆರಳಿನ ಮೇಲೆ ಮಾತ್ರ ಹತ್ತುತ್ತದೆ, ಅದರ ಸುತ್ತ ನಿನ್ನೆ ಗೆರೆ ಎಳೆದಿದ್ದೆ.

ಕುಡಿಯುವ ನೀರು ತಂದಿಡುವಷ್ಟರಲ್ಲಿ ಉತ್ತರ ಬಂದಿತ್ತು. ಇಂದ್ರಾಣಿ ಎಂಬ ಯಾರೋ ಹೆಣ್ಣುಮಗಳು ಬರೆದಿದ್ದಳು.

"ಸರ್, ಆ ಬೆರಳನ್ನ ನೀವು ಸೆಲೆಕ್ಟ್ ಮಾಡಿ ಹಾಗೇ ಇಟ್ಟಿದ್ದೀರ. ಅದು ಪಟದ ಜೊತೆಗೇ ಸೇವ್ ಆಗಿದೆ, ಆಫ್ ಮಾಡಿ ಆನ್ ಮಾಡಿದ್ರೂ ಹೋಗಲ್ಲ. ಅದನ್ನ ಬಿಡೋ ತನಕ ಬೇರೆಲ್ಲೂ ಕೆಲಸ ಮಾಡಕ್ಕೆ ಬಿಡಲ್ಲ. ಪಟ ಚಿಕ್ಕದಾಗಿ ಕಂಡಾಗ ಆ ಗೆರೆ ಕಣ್ಣಿಗೆ ಕಾಣಲ್ಲ, ಹೊಸದಾಗಿ ಕಲಿಯೋರೆಲ್ಲ ಇಲ್ಲೇ ಬೀಳ್ತಾರೆ. ಮೇಲೆ ಸೆಲೆಕ್ಟ್ ಅಂತ ಇದೆಯಲ್ಲ, ಅದರೊಳಗೆ ಹೋಗಿ ಬಿಟ್ಟುಬಿಡಿ."

ಕೇದಾರ ಪಟವನ್ನು ಹಿಗ್ಗಿಸಿ ನೋಡಿದ. ಹೌದು. ಕಿರುಬೆರಳಿನ ಸುತ್ತ ಒಂದು ಚುಕ್ಕಿಗೆರೆ ಇರುವೆ ಸಾಲಿನಂತೆ ಹರಿದಾಡುತ್ತಿತ್ತು. ಅವಳು ಹೇಳಿದಂತೆ ಮಾಡಿದ. ಗೆರೆ ಮಾಯವಾಯಿತು. ಬ್ರಷ್ ಎಲ್ಲಿ ಮುಟ್ಟಿದರೂ ಬಣ್ಣ ಹತ್ತಿತು.

ಅವನಿಗಾದ ಸಂತೋಷ ಅಷ್ಟಿಷ್ಟಲ್ಲ. ಒಬ್ಬನೇ ಕೂತು ನಕ್ಕ. ಗುರುಗಳಿಗೆ ಕೂಗಿ ಹೇಳಿದ. "ಬಿಟ್ಟೆ ಗುರುಗಳೇ! ಬಿಟ್ಟ ಮೇಲೆ ಎಲ್ಲಾ ಸರಿಹೋಯ್ತು!"

"ಹೌದಾ" ಎಂದರು ಗುರುಗಳು, ಅಡುಗೆಮನೆಯಿಂದ.

ಕೇದಾರ ಹಚ್ಚಿದ ಕೆಂಪನ್ನೆಲ್ಲ ಹಿಂದಕ್ಕೆ ತೆಗೆದ. ಅಪ್ಪನ ಹಣೆಯ ಕಲೆ ಅಳಿಸಿದ. ಆಮೇಲೆ ಕೈಯ ಬಳಿಗೆ ಬಂದ. ಇನ್ನು ಅಡ್ಡಿಯಿಲ್ಲ. ಕಿರುಬೆರಳು ಹೋಯಿತು, ಉಂಗುರದ ಬೆರಳು ಹೋಯಿತು, ಒಂದೊಂದೇ ಬೆರಳು ಹೋಗಿ ಅಲ್ಲೊಂದು ತೂತು ಉಳಿಯಿತು. ಕೈಯ ಕೆಳಗೆ ಅಪ್ಪನ ಅಂಗಿ ಸಿಗುತ್ತದೆ ಎಂದು ಅವನು ನಂಬಿದ್ದ. ಏನೂ ಇರಲಿಲ್ಲ. ಗಾಬರಿಯಾಗಿ ಮತ್ತೆ ಗುಂಪಿನಲ್ಲಿ ಕೇಳಿದ, ಈ ಸಲ ವಿವರವಾಗಿ. ಪಕ್ಕದ ಬಟ್ಟೆಯನ್ನೇ ಎತ್ತಿ ತಂದು ತೂತು ಮುಚ್ಚುವ ದಾರಿಯನ್ನು ಯಾರೋ ಹೇಳಿಕೊಟ್ಟರು. ಮುಚ್ಚಿದ. ಬೆರಳುಗಳು ಒತ್ತಿದ ಕಡೆ ಅಂಗಿ ಸುಕ್ಕಾಗಿತ್ತು. ಆ ಸುಕ್ಕನ್ನೂ ಒರೆಸಿದ.

ಅಲ್ಲಿಗೆ ಅಣ್ಣನ ಗುರುತು ಎಲ್ಲೂ ಇರಲಿಲ್ಲ. ಅಪ್ಪ ಒಬ್ಬನೇ ನಗುತ್ತಿದ್ದ.

ಕೇದಾರ ದೂರ ಸರಿದು ನೋಡಿದ. ಹತ್ತಿರ ಬಂದು ನೋಡಿದ. ಆಗಬೇಕಾದ್ದೆಲ್ಲ ಆಗಿತ್ತು, ಆದರೆ ಪಟ ನೋಡಿದರೆ ಸಮಾಧಾನವಿಲ್ಲ.

ಅಷ್ಟರಲ್ಲಿ ಅಮ್ಮನ ಫೋನು.

"ಪಟ ಆಯ್ತೇನಪ್ಪ? ನಿಮ್ಮಣ್ಣ ಇಲ್ಲೇ ಇದ್ದಾನೆ. ನೀನು ಬರ್ತೀಯಾ ಅಂತ ಕೇಳ್ತಿದ್ದಾನೆ."

"ಪಟ ಬರುತ್ತಮ್ಮ" ಎಂದು ಫೋನಿಟ್ಟ.

ಸ್ಟುಡಿಯೋದವರು ಸಂಜೆಯೊಳಗೆ ಕಳಿಸಿದರೆ ನಾಳೆ ಕಟ್ಟು ಹಾಕಿ ಕೊಡುತ್ತೇವೆ ಎಂದಿದ್ದರು. ಹೊತ್ತು ಇಳಿಯುತ್ತಿತ್ತು. ಕೇದಾರ ಅಪ್ಪನನ್ನು ಕೊಂಚ ಬಲಕ್ಕೆ ತಿರುಗಿಸಿದ. ಸರಿಹೋಗಲಿಲ್ಲ. ಎಡಕ್ಕೆ ತಿರುಗಿಸಿದ. ಅದು ಇನ್ನೂ ಕೆಟ್ಟಿತು. ಕೊನೆಗೆ ಸೋತು ಗುರುಗಳನ್ನೇ ಕಂಪ್ಯೂಟರಿನ ಮುಂದೆ ಕರೆತಂದು ಕೂರಿಸಿದ.

ಗುರುಗಳು ಕನ್ನಡಕ ಹಾಕಿಕೊಂಡು ನೋಡಿದರು.

"ಇಲ್ಲೊಂದು ಕೈ ಇತ್ತು ಅಂದ್ಯಲ್ಲ?"

"ತೆಗೆದೆ."

"ಅದರ ಕೆಳಗೆ ಏನಿತ್ತು?"

"ಏನೂ ಇರಲಿಲ್ಲ. ಪಕ್ಕದ ಅಂಗಿನೇ ತಂದು ತುಂಬಿಸಿದೆ. ಗೊತ್ತಾಗಲ್ಲ ಅಲ್ವಾ?"

"ಇಲ್ಲ. ಚೆನ್ನಾಗಿ ಮುಚ್ಚಿದ್ದೀಯ."

ಹೊಗಳಿಕೆ ಕೇಳಿಯೂ ಕೇದಾರನಿಗೆ ಹಿತವಾಗಲಿಲ್ಲ.

"ಇನ್ನೊಂದೇ ಒಂದು ತೊಂದರೆ ಗುರುಗಳೇ. ಕಲೆ ಹೋಯ್ತು, ಕೈ ಹೋಯ್ತು, ಸುಕ್ಕೂ ಹೋಯ್ತು. ಆದ್ರೂ ಪಟ ಸೊಟ್ಟಗೆ ಕಾಣುತ್ತೆ. ಅಪ್ಪನ್ನ ನೆಟ್ಟಗೆ ಮಾಡಿದ್ರೆ ಹಿಂದಿನ ಗೋಡೆ ವಾಲುತ್ತೆ. ಗೋಡೆ ನೆಟ್ಟಗೆ ಮಾಡಿದ್ರೆ ಅಪ್ಪ ವಾಲ್ತಾರೆ. ಎಷ್ಟು ತಿರುಗಿಸಿದ್ರೂ ಇಷ್ಟೇ. ಎಲ್ಲಿ ತಪ್ಪಿದೆ ಅಂತ ನನಗೆ ಗೊತ್ತಾಗ್ತಿಲ್ಲ. ಗುಂಪಲ್ಲಿ ಕೇಳೋಣ ಅಂದ್ರೆ ಏನಂತ ಕೇಳಲಿ ಅಂತಾನೂ ಗೊತ್ತಾಗ್ತಿಲ್ಲ."

ಗುರುಗಳು ಪಟವನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಕನ್ನಡಕ ತೆಗೆದು ಶಿಷ್ಯನ ಕಡೆ ತಿರುಗಿದರು.

"ಪಟ ಸೊಟ್ಟ ಇಲ್ಲ ಕೇದಾರ. ನೀನು ಅಣ್ಣನ್ನ ತೆಗೆದಿದ್ದೀಯ. ನಿಮ್ಮಪ್ಪ ಇನ್ನೂ ಅವನಿಗೇ ಒರಗಿಕೊಂಡು ನಿಂತಿದ್ದಾರೆ."