ಚುಕ್ಕಿ ವಿಮಾನ ಜೊತೆಗೆ ಹೋದದ್ದು

"ಸಿಡುಬು ಅಲ್ಲ ಕಣೋ ಕಾಗೆ, ಈ ಹಳದಿ ಚುಕ್ಕಿ ನನ್ನ ಕೆಲಸ!" ಅಂತ ಗೊಣಗಿತು ಮುದಿ ಅಮೆರಿಕನ್ ಬಾಂಬರ್ ವಿಮಾನ. "ಈ ಇಂಗ್ಲೆಂಡಿನ ಮೋಡದಲ್ಲಿ ನಮ್ಮ ದಂಡಿನವರು ಒಬ್ಬರಿಗೊಬ್ಬರು ಕಾಣಲ್ಲ. ನಾನು ಮೇಲೆ ಸುತ್ತು ಹಾಕ್ತೀನಿ, ಚುಕ್ಕಿ ನೋಡ್ಕೊಂಡು ಎಲ್ಲರೂ ನನ್ನ ಸುತ್ತ ಸೇರ್ತಾರೆ. ಸೇರಿದ ಮೇಲೆ ಅವರು ಯುದ್ಧಕ್ಕೆ, ನಾನೊಬ್ಬನೇ ವಾಪಸ್. ಸಂಜೆ ಬರೋವಾಗ ಇಬ್ಬರೋ ಮೂವರೋ ಕಮ್ಮಿ ಇರ್ತಾರೆ."

"ನೀನೂ ಜೊತೆಗೆ ಹೋಗೋದಲ್ವಾ, ತಾತ?" ಅಂತು ಕಾಗೆ.

"ಹೋದೆನಲ್ಲ ನಿನ್ನೆ! ಬಾಂಬಿಲ್ಲ, ಬಂದೂಕಿಲ್ಲ, ಒಂಟಿತನ ತಡೀಲಾರದೆ ಹಿಂದೆ ಹೋದೆ. ಸಮುದ್ರದ ಮೇಲೆ ನಮ್ಮ ದಂಡಿನವನೇ ಒಬ್ಬ ನನ್ನ ಚುಕ್ಕಿ ನೋಡಿಬಿಟ್ಟ. ಇನ್ನೂ ಎಲ್ಲರೂ ಸೇರಿಲ್ಲ ಅಂದ್ಕೊಂಡು ನನ್ನ ಸುತ್ತೋಕೆ ಶುರು ಮಾಡಿದ. ಅವನ ಹಿಂದೆ ಇಡೀ ದಂಡು. ತಪ್ಪಿಸ್ಕೊಳ್ಳೋಕೆ ನಾನು ತಿರುಗಿದಷ್ಟೂ ಅವರೂ ತಿರುಗಿದ್ರು. ಪೆಟ್ರೋಲ್ ಅರ್ಧಕ್ಕೆ ಬಂತು. ಯುದ್ಧಕ್ಕೆ ಹೋಗದೇ ಎಲ್ಲರೂ ಮನೆಗೆ ವಾಪಸ್."

"ಬೈದ್ರಾ?"

"ಮೈದಾನದಲ್ಲಿ ಬೈಯದವರೇ ಇಲ್ಲ. ಗಾಳಿ ತೋರಿಸೋ ಬಟ್ಟೆ ಚೀಲ ಮಾತ್ರ ಕಂಬದ ಮೇಲಿಂದ ಮೆಲ್ಲಗೆ ಹೇಳ್ತು: 'ಬೇಜಾರು ಮಾಡ್ಕೋಬೇಡಣ್ಣ. ಇವತ್ತು ಹೋದವರೆಲ್ಲ ಬಂದಿದ್ದಾರೆ.'"